ಇನ್ವರ್‌ಡ್ರಮ್ ರೋವರ್ಸ್‌ನ ಖಾಲಿ ವರ್ಷ

ಸಿದ್ಧಾರೂಢ ಮೂಲಿಮನಿ ತನ್ನ ಐವತ್ತಮೂರು ವರ್ಷಗಳ ಆಯುಷ್ಯದಲ್ಲಿ ಫುಟ್‌ಬಾಲ್ ಒದ್ದದ್ದು ಒಂದೇ ಒಂದು ಸಲ. ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಯಲ್ಲಿದ್ದಾಗ ಒದ್ದ ಆ ಚೆಂಡು ಗೋಲ್ ಕಂಬಕ್ಕೆ ಬಡಿದು, ತಿರುಗಿ ಬಂದು, ಒದ್ದವನ ಮೂಗಿಗೇ ಅಪ್ಪಳಿಸಿತು. ಅಂದಿನಿಂದ ಆತನೂ ಚೆಂಡೂ ಒಬ್ಬರ ತಂಟೆಗೆ ಒಬ್ಬರು ಹೋಗಿರಲಿಲ್ಲ. ಇಂಥ ವೀರನು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ತನ್ನ ಮನೆಯ ಗರಾಜಿನಲ್ಲಿ, ಸೋನಾ ಮಸೂರಿ ಮೂಟೆಗಳ ಪಕ್ಕ ಕುಳಿತು, ಸ್ಕಾಟ್ಲೆಂಡಿನ ಪೂರ್ವ ಕಡಲತಡಿಯ ಇನ್ವರ್‌ಡ್ರಮ್ ಎಂಬ ನಾಲ್ಕು ಸಾವಿರ ಜನರ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅಧಿಕೃತ ಚರಿತ್ರಕಾರನಾದದ್ದು ಹೇಗೆ, ಆಮೇಲೆ ಅದೇ ಕ್ಲಬ್ಬಿನ ಮೈದಾನಕ್ಕೆ ಹೆಚ್ಚುಕಡಿಮೆ ಎಳ್ಳುನೀರು ಬಿಟ್ಟದ್ದು ಹೇಗೆ ಎಂಬುದು ಲೋಕಕ್ಕೆ ತಿಳಿಯತಕ್ಕ ಸಂಗತಿ.

ಆತನದು ತಪ್ಪು ಹುಡುಕುವ ಉದ್ಯೋಗ. ಬೇರೆ ಎಂಜಿನಿಯರುಗಳು ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಕೆದಕಿ, ಕೆಟ್ಟದ್ದು ಸಿಕ್ಕರೆ ಸಂತೋಷಪಟ್ಟು, ಸಿಗದಿದ್ದರೆ ಸಂಶಯಪಡುವ ಟೆಸ್ಟರ್ ಕೆಲಸ. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದ ಮನುಷ್ಯ ಮದುವೆ ಮನೆಗೆ ಹೋದರೂ ಮೊದಲು ಆಮಂತ್ರಣ ಪತ್ರಿಕೆಯ ತಿಥಿಯನ್ನು ಪಂಚಾಂಗದೊಡನೆ ತಾಳೆ ನೋಡುತ್ತಾನೆ.

ಆರು ವರ್ಷಗಳ ಹಿಂದೆ ಆತ, ಜಗತ್ತಿನ ಸಕಲ ಆಟಗಳ ಸ್ಕೋರನ್ನು ಜನರ ಫೋನಿಗೆ ತಲುಪಿಸುವ ಒಂದು ಕಂಪನಿಯಲ್ಲಿದ್ದ. ಒಂದು ಸೋಮವಾರ ಪರದೆಯ ಮೇಲೆ ಹೀಗೊಂದು ಸಾಲು ಕಂಡಿತು: ಇನ್ವರ್‌ಡ್ರಮ್ ರೋವರ್ಸ್ 0, ಎದುರಾಳಿ 14. ಸಿದ್ಧಾರೂಢನ ರಕ್ತ ಬಿಸಿಯಾಯಿತು. ಫುಟ್‌ಬಾಲಿನಲ್ಲಿ ಹದಿನಾಲ್ಕು ಅಂದರೆ ಅದು ಗೋಲಿನ ಲೆಕ್ಕವಲ್ಲ, ಯಾರೋ ಬೆರಳು ಜಾರಿಸಿದ್ದು. ಆತ ಬಗ್, ಅಂದರೆ ತಪ್ಪಿನ ದೂರು, ದಾಖಲಿಸಿದ. ಆ ಸಾಫ್ಟ್‌ವೇರ್ ಬರೆದ ಎಂಜಿನಿಯರು "ಡೇಟಾ ಸರಿಯಿದೆ" ಎಂದು ಅದನ್ನು ಮುಚ್ಚಿದ. ಸಿದ್ಧಾರೂಢ ಮತ್ತೆ ತೆರೆದ. ಹೀಗೆ ಏಳು ಸಲ ಮುಚ್ಚಿ ತೆರೆದ ಮೇಲೆ, ನೇರವಾಗಿ ಕ್ಲಬ್ಬಿಗೇ ಇಮೇಲು ಹಾಕಿದ: "ನಿಮ್ಮ ಶನಿವಾರದ ಸ್ಕೋರು ತಪ್ಪಾಗಿ ಪ್ರಕಟವಾಗಿದೆ ಎಂದು ಶಂಕಿಸುತ್ತೇನೆ. ದಯವಿಟ್ಟು ಸರಿಯಾದದ್ದನ್ನು ತಿಳಿಸಿ."

ಉತ್ತರ ಬಂದದ್ದು ಕ್ಲಬ್ಬಿನ ಕಾರ್ಯದರ್ಶಿ ಮೊರಾಗ್ ಪೆಟ್ರಿ ಎಂಬಾಕೆಯಿಂದ. ಆಕೆ ಕಾರ್ಯದರ್ಶಿಯೂ ಹೌದು, ಚಹಾ ಕಾಸುವವಳೂ ಹೌದು, ಗೋಲಿನ ಬಲೆಗೆ ತೇಪೆ ಹಾಕುವವಳೂ ಹೌದು.

"ಮಾನ್ಯರೇ, ಸ್ಕೋರು ಸರಿಯಾಗಿದೆ. ಆಟ ಶುರುವಾದ ಹತ್ತು ನಿಮಿಷಕ್ಕೆ ನಮ್ಮ ಗೋಲ್‌ಕೀಪರನ ಹೆಂಡತಿಗೆ ಹೆರಿಗೆ ನೋವು ಬಂತು, ಆತ ಓಡಿದ. ಆಮೇಲೆ ಗೋಲು ಕಾಯ್ದದ್ದು ತಂಡದ ಬಸ್ ಡ್ರೈವರು. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಹದಿನಾಲ್ಕನೇ ಗೋಲಿಗೆ ನಮ್ಮವರೆಲ್ಲ ಎದ್ದು ನಿಂತು ಡ್ರೈವರಿಗೆ ಚಪ್ಪಾಳೆ ತಟ್ಟಿದರು, ಏಕೆಂದರೆ ಆ ಚೆಂಡಿಗೆ ಆತನ ಕೈ ತಾಗಿತ್ತು. ಇನ್ನೇನಾದರೂ ತಿಳಿಯಬೇಕೇ?"

ಸಿದ್ಧಾರೂಢ ಇದನ್ನು ಮೂರು ಸಲ ಓದಿದ. ಬಗ್ಗನ್ನು ಮುಚ್ಚಿ, ಕಾರಣ ಕೇಳುವ ಜಾಗದಲ್ಲಿ "ತಪ್ಪಿಲ್ಲ, ತಂಡವೇ ಹೀಗಿದೆ" ಎಂದು ಬರೆದ. ಆಮೇಲೆ ಮೊರಾಗ್‌ಗೆ ಉತ್ತರಿಸಿದ: "ಹೌದು. ಎಲ್ಲವೂ ತಿಳಿಯಬೇಕು."

ಆತ ಬೆರಗಾದದ್ದಕ್ಕೆ ಕಾರಣವಿತ್ತು. ಆತ ಬದುಕುತ್ತಿದ್ದ ಕಂಪ್ಯೂಟರ್ ಕಂಪನಿಗಳ ಕಣಿವೆಯಲ್ಲಿ ಎರಡು ತ್ರೈಮಾಸಿಕ ಸೋತ ಕಂಪನಿಯ ಬಾಗಿಲಿಗೆ ಬೀಗ ಬೀಳುತ್ತದೆ. ಆತನೇ ಅಂಥ ನಾಲ್ಕು ಬೀಗಗಳನ್ನು ಹೊರಗಿನಿಂದ ನೋಡಿದ್ದ. ಇಲ್ಲಿ ನೋಡಿದರೆ ಒಂದು ಸಂಸ್ಥೆ 1889ರಿಂದ ಎಡೆಬಿಡದೆ ಸೋಲುತ್ತಿದೆ, ಆದರೂ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ನೂರಾ ಅರವತ್ತು ಗಿರಾಕಿಗಳು ಛತ್ರಿ ಹಿಡಿದು ಬಂದು ನಿಲ್ಲುತ್ತಾರೆ!

ಮೊರಾಗ್ ಬಿಸ್ಕತ್ತಿನ ಡಬ್ಬಿಗಳಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಕಳಿಸತೊಡಗಿದಳು. ಸಿದ್ಧಾರೂಢನ ಗರಾಜಿನಲ್ಲಿ ಮಹಾಕಾವ್ಯವೊಂದು ಬಿಚ್ಚಿಕೊಂಡಿತು. 1896ರಲ್ಲಿ ರೋವರ್ಸ್ ಗೋಲ್‌ಕೀಪರ್ ಆಕಾಶಕ್ಕೆ ಒದ್ದ ಚೆಂಡನ್ನು ಕಡಲ ಗಾಳಿ ಹೊತ್ತು ತಂದು ಆತನದೇ ಗೋಲಿಗೆ ಹಾಕಿತು. ಇಡೀ ಋತುವಿನಲ್ಲಿ ಆ ಗೋಲಿನತ್ತ ಬಂದ ಅತಿ ಅಚ್ಚುಕಟ್ಟಾದ ಹೊಡೆತ ಅದು. 1912ರಿಂದ ಇಂದಿನವರೆಗೆ ಮೈದಾನದ ಹಿಂದೆ ಒಂದು ದೋಣಿ ಕಟ್ಟಿರುತ್ತದೆ, ಸಮುದ್ರಕ್ಕೆ ಬಿದ್ದ ಚೆಂಡು ತರಲು. 1931ರಲ್ಲಿ ರೋವರ್ಸ್ ಗ್ಲಾಸ್ಗೋದ ಬಲಾಢ್ಯ ತಂಡವೊಂದರ ಎದುರು ಕೇವಲ ಒಂದೇ ಗೋಲಿನಿಂದ ಸೋತಿತು. ಆ ದಿನವನ್ನು ಊರು ಇವತ್ತಿಗೂ ಹಬ್ಬದಂತೆ ಆಚರಿಸುತ್ತದೆ. ಗೆದ್ದ ದಿನವನ್ನು ಯಾರಾದರೂ ಆಚರಿಸುತ್ತಾರೆ. ಸೋತ ದಿನಕ್ಕೆ ತೋರಣ ಕಟ್ಟುವ ಎದೆಗಾರಿಕೆಗೆ ಸಿದ್ಧಾರೂಢ ಕುರ್ಚಿಯಲ್ಲೇ ಕೈಮುಗಿದ.

"ರೀ, ಮಂದಿ ಗಂಡಸ್ರು ಈ ವಯಸ್ಸಿನಾಗ ಬೈಕ್ ತಗೋತಾರ, ಇಲ್ಲಾ ಓಡಾಕ ಹೋಗ್ತಾರ," ಎಂದು ಹೆಂಡತಿ ವಿಜಯಶ್ರೀ ಗರಾಜಿನ ಬಾಗಿಲಲ್ಲಿ ನಿಂತು ಹೇಳಿದಳು. "ನೀವು ನೂರು ವರ್ಷದ ಹಿಂದ ಸೋತವ್ರನ್ನ ಎಣಸಾಕತ್ತೀರಿ."

"ಬರೇ ಸೋತವ್ರಲ್ಲ ವಿಜಯಾ. ಸೋತು ಮುಂದಿನ ಶನಿವಾರ ಮತ್ತ ಬಂದವ್ರು."

"ಅಕ್ಕಿ ಮೂಟಿ ಮ್ಯಾಲ ಕಾಗದ ಇಡಬ್ಯಾಡ್ರಿ. ಇಲಿ ಬಂದ್ರ ನಿಮ್ಮ ಸ್ಕಾಟ್ಲೆಂಡ್ ಮೊದಲ ಹೊಕ್ಕೈತಿ."

ಹೈಸ್ಕೂಲ್ ತಂಡದಲ್ಲಿ ಆಡುವ ಮಗಳು ಶೀತಲ್‌ಗೆ ಇದು ಇನ್ನೂ ವಿಚಿತ್ರ. "ಅಪ್ಪಾ, ಲಾಸ್ಟ್ ವೀಕ್ ನನ್ನ ಗೇಮಿಗೆ ಬಂದು ಕಾರಲ್ಲೇ ಕೂತಿದ್ದೆ. ಇವರ ಗೇಮ್‌ಗೆ ಸಿಕ್ಸ್ ತರ್ಟಿಗೆ ಏಳ್ತೀಯಾ. ಸೀರಿಯಸ್ಲಿ?" ಅವಳ ಮಾತಿನಲ್ಲಿ ಸತ್ಯವಿತ್ತು. ಪ್ರತಿ ಶನಿವಾರ ಬೆಳಗ್ಗೆ ಏಳಕ್ಕೆ, ಅಂದರೆ ಅಲ್ಲಿನ ಮೂರಕ್ಕೆ, ಮೊರಾಗ್ ಬೇಲಿ ಕಂಬಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಸಿದ್ಧಾರೂಢ ಪಂದ್ಯ ನೋಡುತ್ತಿದ್ದ. ಕ್ಯಾಮೆರಾದ ಮೇಲೆ ಕಡಲಹಕ್ಕಿ ಕೂತರೆ ಬಾಲ ನೋಡುತ್ತಿದ್ದ.

ಮೂರು ವರ್ಷದಲ್ಲಿ ಆತ ಕ್ಲಬ್ಬಿನ ಪ್ರತಿಯೊಂದು ಪಂದ್ಯಕ್ಕೂ ಎರಡೆರಡು ಆಧಾರ ಒದಗಿಸಿದ. ವಾರ್ಷಿಕ ಸಭೆ ಅವನನ್ನು ಸರ್ವಾನುಮತದಿಂದ ಚರಿತ್ರಕಾರನನ್ನಾಗಿ ಆರಿಸಿತು. ಆ ಹುದ್ದೆಗೆ ಬೇರೆ ಯಾರೂ ನಿಂತಿರಲಿಲ್ಲ, ಹುದ್ದೆಯೂ ಅಲ್ಲಿಯವರೆಗೆ ಇರಲಿಲ್ಲ. ಕಳೆದ ಆಗಸ್ಟಿನಲ್ಲಿ ಇಡೀ ಚರಿತ್ರೆ ಕ್ಲಬ್ಬಿನ ಜಾಲತಾಣದಲ್ಲಿ ಪ್ರಕಟವಾಯಿತು. ಮೊದಲ ಮಹಾಯುದ್ಧದ ವರ್ಷಗಳಿಗೂ ಕೋವಿಡ್ ವರ್ಷಗಳಿಗೂ ಒಂದೊಂದಾದರೂ ಸೋಲು ಸಿಕ್ಕಿತ್ತು. ಒಂದೇ ಒಂದು ವರ್ಷ ಕೈಕೊಟ್ಟಿತು. ಬೇರೆಯವರಾದರೆ ಅಲ್ಲಿ "ಯುದ್ಧಕಾಲದ ಸಂಕಷ್ಟ" ಎಂದು ನಾಲ್ಕು ಹನಿ ಕಣ್ಣೀರು ಸುರಿಸಿ ಮುಂದೆ ಹೋಗುತ್ತಿದ್ದರು. ಸಿದ್ಧಾರೂಢ ಟೆಸ್ಟರ್. ಖಾಲಿ ಬಿಟ್ಟರೆ ಆತನ ಕೈ ತುರಿಸುತ್ತದೆ. ಹೀಗೆ ಬರೆದ:

"1943: ಈ ವರ್ಷ ನಮ್ಮ ಮೈದಾನದಲ್ಲಿ ಯಾವುದೇ ಪಂದ್ಯ ನಡೆದದ್ದಕ್ಕೆ ಆಧಾರ ಸಿಕ್ಕಿಲ್ಲ."

ಚರಿತ್ರೆಯ ನೂರಾ ಎಂಬತ್ತು ಪುಟಗಳಲ್ಲಿ ಹೊರಗಿನವರು ಯಾರಾದರೂ ಗಮನವಿಟ್ಟು ಓದಿದ್ದು ಈ ಒಂದು ಸಾಲನ್ನು ಮಾತ್ರ.

ಆರು ವಾರದ ನಂತರ ಮೊರಾಗ್ ವಿಡಿಯೋದಲ್ಲಿ ಬಂದಳು. ಯಾವಾಗಲೂ ಅರ್ಧ ನಗುತ್ತಲೇ ಮಾತಾಡುವವಳ ಮುಖ ಬಿಳಚಿಕೊಂಡಿತ್ತು.

"ಸಿಡ್, ನಿನಗೆ ಬೈಯಲು ಕರೆ ಮಾಡಿಲ್ಲ. ಮೊದಲೇ ಹೇಳಿಬಿಡುತ್ತೇನೆ."

"ಅಂದರೆ ಬೈಯುವಂಥದ್ದು ಏನೋ ಆಗಿದೆ," ಎಂದ ಸಿದ್ಧಾರೂಢ.

ಆಗಿತ್ತು. ಆ ಮೈದಾನವನ್ನು 1891ರಲ್ಲಿ ಊರಿನ ಜಮೀನುದಾರ ಕ್ಲಬ್ಬಿಗೆ ಬರೆದುಕೊಟ್ಟಿದ್ದ. ಆದರೆ ಪತ್ರದಲ್ಲಿ ಒಂದು ಷರತ್ತು: ಪ್ರತಿ ವರ್ಷವೂ ಅಲ್ಲಿ ಒಂದು ಸಲವಾದರೂ ಫುಟ್‌ಬಾಲ್ ಆಡತಕ್ಕದ್ದು, ಒಂದು ವರ್ಷ ತಪ್ಪಿದರೂ ನೆಲ ವಾಪಸು. ಈಗ ಜಮೀನುದಾರನ ವಾರಸುದಾರರು ಕಡಲಿಗೆ ಮುಖಮಾಡಿದ ಆ ನೆಲದಲ್ಲಿ ರಜೆಯ ಬಂಗಲೆ ಕಟ್ಟುವ ಆಸೆ ಹೊತ್ತಿದ್ದರು. ಅವರ ವಕೀಲರ ನೋಟೀಸಿನಲ್ಲಿ ಸಾಕ್ಷಿಯಾಗಿ ಉದ್ಧರಿಸಿದ್ದು ಕ್ಲಬ್ಬಿನ ಸ್ವಂತ ಚರಿತ್ರಕಾರರಾದ ಶ್ರೀ ಎಸ್. ಮೂಲಿಮನಿಯವರ ಹೇಳಿಕೆ. ಎರಡೂ ಪಕ್ಷ ಒಪ್ಪಿ, ನಿವೃತ್ತ ನ್ಯಾಯಾಧೀಶೆಯೊಬ್ಬರ ತೀರ್ಮಾನಕ್ಕೆ ಬಿಟ್ಟಿದ್ದರು. ವಿಚಾರಣೆಗೆ ಐದು ವಾರವಿತ್ತು.

"ಆ ಸಾಲು ತೆಗೆದುಬಿಡಲೇ?" ಎಂದು ಸಿದ್ಧಾರೂಢ ಕೇಳಿದ. ಜೀವಮಾನದಲ್ಲಿ ಆತ ನಿಜವಾದ ಒಂದು ವಾಕ್ಯವನ್ನು ಅಳಿಸುವ ಮಾತೆತ್ತಿದ್ದು ಅದೇ ಮೊದಲು.

"ಅವರ ಬಳಿ ಅದರ ಪ್ರತಿ ಇದೆ," ಎಂದಳು ಮೊರಾಗ್. "ಅದೂ ಅಲ್ಲದೆ, ಅದು ಸುಳ್ಳೇನಲ್ಲವಲ್ಲ. ನೀನು ಒಂದು ಆಟ ಹುಡುಕಿಕೊಡು. ಒಂದೇ ಒಂದು."

ಮರುದಿನ ವಿಜಯಶ್ರೀ ಬಿಸಿ ರೊಟ್ಟಿ, ಎಣಗಾಯಿ ಬಡಿಸಿದರೆ ಆತ ರೊಟ್ಟಿಯನ್ನು ಮುರಿದು ಮುರಿದು ಭೂಪಟ ಮಾಡಿದ. "ನೂರಾ ಮೂವತ್ತು ವರ್ಷ ಗಾಳಿಗೂ ಬಿದ್ದಿಲ್ಲ, ಯುದ್ಧಕ್ಕೂ ಬಿದ್ದಿಲ್ಲ. ನನ್ನ ಒಂದ್ ಲೈನಿಗೆ ಬಿತ್ತಲ್ಲ."

"ಬಿದ್ದಿಲ್ಲ ಇನ್ನಾ. ಐದು ವಾರ ಐತಿ," ಎಂದಳು ವಿಜಯಶ್ರೀ. "ಮಂದಿ ಸಾಫ್ಟ್‌ವೇರಿನಾಗ ಇಲ್ಲದ ಹುಳುಕು ಹುಡುಕಿ ತಗೀತೀರಿ. ಇದ್ದ ಆಟ ಒಂದು ಹುಡುಕಾಕ ಆಗೂದಿಲ್ಲ? ಉಣ್ರಿ ಮೊದಲ."

ಹುಡುಕಿದ. ಯುದ್ಧಕಾಲದ ಪತ್ರಿಕೆಗಳು ಕಾಗದದ ಅಭಾವದಿಂದ ಒಂದೇ ಹಾಳೆಗೆ ಇಳಿದಿದ್ದವು. ಅದರಲ್ಲಿ ಆಟಕ್ಕೆ ಜಾಗವಿರಲಿಲ್ಲ. ಕ್ಲಬ್ಬಿನ ಆ ವರ್ಷದ ನಡಾವಳಿ ಪುಸ್ತಕವೇ ಇರಲಿಲ್ಲ. ಆಟಗಾರರೆಲ್ಲ ಸಮುದ್ರದಲ್ಲೋ ಮರುಭೂಮಿಯಲ್ಲೋ ಯುದ್ಧದಲ್ಲಿದ್ದರು. ಮೂರು ವಾರ ಕಳೆದುಹೋದವು.

ನಾಲ್ಕನೇ ಭಾನುವಾರ ಮಧ್ಯಾಹ್ನ ಆತ ಕ್ಯಾಲಿಫೋರ್ನಿಯಾದ್ದೇ ಊರಾದ ಡಬ್ಲಿನ್‌ನಲ್ಲಿರುವ ದೇವರಾಜು ಅವರ ಮನೆಗೆ ಹೋಗಲೇಬೇಕಾಯಿತು. ದೇವರಾಜು ಮೈಸೂರಿನವರು, ಅಲ್ಲಿನ ಕನ್ನಡ ಬಳಗದ ಅಧ್ಯಕ್ಷರು. ಬಳಗಕ್ಕೆ ಇಪ್ಪತ್ತೈದು ತುಂಬುತ್ತಿತ್ತು; ಸ್ಮರಣ ಸಂಚಿಕೆಗೆ ತಪ್ಪು ಹುಡುಕಲು ಸಿದ್ಧಾರೂಢನಿಗಿಂತ ಅರ್ಹರು ಯಾರು?

"ಏನ್ ಗುರೂ, ನಿಮ್ಮ ಟೀಮು ನಿನ್ನೆನೂ ಸೋತೋಯ್ತಂತಲ್ಲಾ!" ಎಂದು ದೇವರಾಜು ಬಾಗಿಲಲ್ಲೇ ಸ್ವಾಗತಿಸಿದರು.

"ಮೂರ ಗೋಲಿಲೆ. ಸುಧಾರ್ಸ್ಯಾರ," ಎಂದು ಸಿದ್ಧಾರೂಢ ಒಳಗೆ ಬಂದ.

ಸಂಚಿಕೆಯ ಪುಟಗಳು ಮೇಜಿನ ಮೇಲೆ ಹರಡಿದ್ದವು. 2008ರ ಯುಗಾದಿಯ ಪುಟ ಖಾಲಿ. "ಆ ವರ್ಷ ಯುಗಾದಿ ಮಾಡೇ ಇಲ್ಲ ಕಣ್ರೀ," ಎಂದರು ದೇವರಾಜು. "ಫೋಟೋ ಇಲ್ಲ, ಫ್ಲೈಯರ್ ಇಲ್ಲ, ಏನೂ ಇಲ್ಲ. ಬಿಟ್ಬಿಡೋಣ."

"ಮಾಡಿದ್ವಿ ಸಾರ್!" ಬಳಗದ ಹಳೆಯ ಕಾರ್ಯದರ್ಶಿ ನಿವೇದಿತಾ ಲ್ಯಾಪ್‌ಟಾಪು ತಿರುಗಿಸಿದಳು. "ನಿಮಗೆ ನೆನಪಿಲ್ಲ ಅಂದ್ರೆ ಆಶ್ಚರ್ಯ. ಹೋಳಿಗೆ ಸಾಲದೇ ಬಂದಿದ್ದು ಅವತ್ತೇ. ನೋಡಿ, ಅರವತ್ತೊಂದು ಇಮೇಲು."

ಅವಳು ಓದತೊಡಗಿದಳು. "'ಫ್ರೀಮಾಂಟಿಂದ ಡ್ರೈವ್ ಮಾಡ್ಕೊಂಡು ಬಂದಿದ್ದಕ್ಕೆ ಮಕ್ಕಳಿಗೆ ಅರ್ಧರ್ಧ ಹೋಳಿಗೆ ಸಿಕ್ತು. ಅಧ್ಯಕ್ಷರ ಮನೆಯವರ ತಟ್ಟೇಲಿ ಮೂರಿತ್ತು, ನಾನೇ ನೋಡಿದೆ.'"

"ಅದು ಸುಳ್ಳು!" ಎಂದು ದೇವರಾಜು ಹದಿನಾರು ವರ್ಷದ ಬಳಿಕವೂ ಕೆಂಪಾದರು. "ಎರಡೇ ಇದ್ದಿದ್ದು!"

"ನೋಡಿ, ನೆನಪು ಬಂತು," ಎಂದಳು ನಿವೇದಿತಾ.

ಆ ಅರವತ್ತೊಂದು ಇಮೇಲಿನಲ್ಲಿ ತಾರೀಖಿತ್ತು, ಸಭಾಂಗಣದ ಹೆಸರಿತ್ತು, ಬಂದವರು ಮುನ್ನೂರ ಹನ್ನೆರಡು ಎಂಬ ಲೆಕ್ಕವಿತ್ತು, ಹೋಳಿಗೆ ಮುಗಿದ ಗಳಿಗೆಯಲ್ಲಿ ವೇದಿಕೆಯ ಮೇಲೆ ಯಾರ ಮಗಳು ಕುಣಿಯುತ್ತಿದ್ದಳು ಎಂಬುದೂ ಇತ್ತು. ಸಿದ್ಧಾರೂಢನ ಕೈಯ ಚಕ್ಕುಲಿ ಬಾಯಿಗೆ ಅರ್ಧ ದಾರಿಯಲ್ಲಿ ನಿಂತಿತು.

"ದೇವರಾಜು ಅವರ, ಚಂದ ಆಗಿದ್ರ ಒಬ್ರೂ ಬರೀತಿರ್ಲಿಲ್ಲ," ಎಂದ ಆತ ನಿಧಾನವಾಗಿ. "ನಿಮ್ಮ ಬಳಗದ ಚರಿತ್ರಾ ಬರದವ್ರು ಬೈದವ್ರು!"

"ಹೊಗಳಿದ್ರೋ ತೆಗಳಿದ್ರೋ?" ಎಂದು ದೇವರಾಜು ನಿವೇದಿತಾಳನ್ನು ಕೇಳುವಷ್ಟರಲ್ಲಿ ಸಿದ್ಧಾರೂಢನ ಕಾರು ಫ್ರೀವೇ ಸೇರಿತ್ತು. ಇಪ್ಪತ್ತೇಳು ವರ್ಷ ದೂರುಗಳನ್ನೇ ಬರೆದು ಬದುಕಿದವನಿಗೆ, ಹುಡುಕಬೇಕಾದ್ದು ದೂರನ್ನು ಎಂಬುದು ಈಗ ಹೊಳೆದಿತ್ತು.

ಸೋಮವಾರ ಬೆಳಗ್ಗೆ ಮೊರಾಗ್‌ಗೆ ಕರೆ ಮಾಡಿದ. "ಮೊರಾಗ್ ಮೇಡಂ, ಯುದ್ಧದ ಕಾಲದಲ್ಲಿ ನಿಮ್ಮೂರಲ್ಲಿ ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದವರು ಯಾರು?"

ಮೊರಾಗ್ ಯೋಚಿಸಲೇ ಇಲ್ಲ. "ರೆವರೆಂಡ್ ಡನ್ಬಾರ್. ಚರ್ಚಿನ ಪಾದ್ರಿ. ಕಡಲಹಕ್ಕಿಗಳು ಭಾನುವಾರ ಕೂಗುತ್ತವೆ ಎಂದು ಕೂಡ ದೂರಿದ್ದರು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು."

"ಬರೆದಿಡುತ್ತಿದ್ದರೇ?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಕೆ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು.

ಚರ್ಚಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಿರಿಯರ ಸಭೆಯ ನಡಾವಳಿ ಪುಸ್ತಕಗಳಿದ್ದವು. ರೆವರೆಂಡರು ಆರು ವರ್ಷದ ಯುದ್ಧದಲ್ಲಿ ಇನ್ನೂರ ಹನ್ನೆರಡು ದೂರುಗಳನ್ನು ದಾಖಲಿಸಿದ್ದರು: ತುಟಿ ಬಣ್ಣದ ವಿರುದ್ಧ, ಅಕಾರ್ಡಿಯನ್ ವಾದ್ಯದ ವಿರುದ್ಧ, ಸೈಕಲ್ ಮೇಲೆ ಶಿಳ್ಳೆ ಹಾಕುವ ಅಂಚೆಯವನ ವಿರುದ್ಧ. ನೂರಾ ನಲವತ್ತನೆಯ ದೂರಿನ ಚಿತ್ರ ಸಿದ್ಧಾರೂಢನ ಫೋನಿಗೆ ಬಂದಾಗ ಆತ ಲೈಟ್ ರೈಲಿನಲ್ಲಿದ್ದ. ಓದಿ ಮುಗಿಸುವಷ್ಟರಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಮೂರು ನಿಲ್ದಾಣ ಕಳೆದಿತ್ತು.

"ಅಕ್ಟೋಬರ್ 12, 1943. ಕಳೆದ ಶನಿವಾರ ಮೀನು ಸೀಳುವ ಅಂಗಳದ ಹೆಂಗಸರೂ ಬಲೆ ಕಾರ್ಖಾನೆಯ ಹೆಂಗಸರೂ, ಯುದ್ಧಕ್ಕೆ ಹೋದ ತಮ್ಮ ಅಣ್ಣತಮ್ಮಂದಿರ ಚಡ್ಡಿಗಳನ್ನು ತೊಟ್ಟು, ಮೊಣಕಾಲು ತೋರಿಸಿಕೊಂಡು, ರೋವರ್ಸ್ ಮೈದಾನದಲ್ಲಿ ಬಹಿರಂಗವಾಗಿ ಫುಟ್‌ಬಾಲ್ ಆಡಿದರೆಂದು ರೆವರೆಂಡರು ಅತೀವ ವ್ಯಥೆಯಿಂದ ತಿಳಿಸಿದರು. ನಾನೂರಕ್ಕೂ ಹೆಚ್ಚು ಜನ ನೆರೆದಿದ್ದರು. ಮೀನು ಅಂಗಳದವರು ನಾಲ್ಕಕ್ಕೆ ಮೂರರಿಂದ ಗೆದ್ದರು. ಕೆಳಕಂಡ ಇಪ್ಪತ್ತೆರಡು ಮಂದಿಯನ್ನು ಬರುವ ಭಾನುವಾರ ಸಭೆಯ ಮುಂದೆ ಹೆಸರು ಹಿಡಿದು ನಿಲ್ಲಿಸತಕ್ಕದ್ದು."

ಧನ್ಯ, ರೆವರೆಂಡರೇ! ಅಷ್ಟು ವ್ಯಥೆಯ ನಡುವೆಯೂ ಸ್ಕೋರು ಬಿಡದ ಮಹಾನುಭಾವ! ಸಿದ್ಧಾರೂಢ ರೈಲಿನಲ್ಲೇ ಎದ್ದು ನಿಂತ. ಎದುರಿಗೆ ನಿಂತಿದ್ದವನು ತನಗೇ ಜಾಗ ಬಿಡುತ್ತಿದ್ದಾನೆಂದು ತಿಳಿದು ಬಂದು ಕೂತ.

ಮನೆಯಲ್ಲಿ ಅದನ್ನು ಓದಿ ಹೇಳಿದಾಗ ಶೀತಲ್ ಊಟ ನಿಲ್ಲಿಸಿದಳು. "ವೇಟ್. ಆಡಿದ್ದಕ್ಕೆ ಚರ್ಚಲ್ಲಿ ನಿಲ್ಲಿಸಿದ್ರಾ? ಜಸ್ಟ್ ಫಾರ್ ಪ್ಲೇಯಿಂಗ್?"

"ಹೌದವಾ."

"ಆ ಲಿಸ್ಟ್ ಕೊಡು ಅಪ್ಪಾ." ಅವಳು ತಟ್ಟೆ ಸರಿಸಿ ಲ್ಯಾಪ್‌ಟಾಪು ಎಳೆದುಕೊಂಡಳು. ಒಂದು ಕಾಗದದ ಮೇಲೆ ನಿಂತರೆ ಸಾಲದು, ಎರಡನೇ ಆಧಾರ ಬೇಕು ಎಂಬುದು ಈ ಮನೆಯಲ್ಲಿ ಹುಟ್ಟಿದ ಮಗಳಿಗೆ ಹೇಳಿಕೊಡಬೇಕಿರಲಿಲ್ಲ. ತಂದೆ ಮಗಳು ಮೂರು ದಿನ ಸಂಜೆ ಕೂತು ಇಪ್ಪತ್ತೆರಡು ಹೆಸರಿನ ಬೆನ್ನು ಹತ್ತಿದರು. ಹದಿನೇಳು ಮಂದಿಯ ಸಮಾಧಿ ಇನ್ವರ್‌ಡ್ರಮ್‌ನಲ್ಲೇ ಇತ್ತು. ನಾಲ್ವರು ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಹೋಗಿ ಅಲ್ಲೇ ತೀರಿಕೊಂಡಿದ್ದರು. ಒಬ್ಬಳು ಮಾತ್ರ ಎಲ್ಲೂ ಸತ್ತಿರಲಿಲ್ಲ. ಐಸೊಬೆಲ್ ಗಾವ್, ವಯಸ್ಸು ಹದಿನೈದು, ಮೀನು ಅಂಗಳ.

ಆ ಹೆಸರು ಕೇಳಿ ಮೊರಾಗ್ ಕೈಯ ಚಹಾ ಲೋಟ ಕೆಳಗಿಟ್ಟಳು.

"ಗಾವ್ ಅನ್ನೋದು ಮದುವೆಗೆ ಮುಂಚಿನ ಹೆಸರು," ಎಂದಳು. "ಸಿಡ್, ಅದು ನಮ್ಮ ಬೆಲ್ಲಾ. ಎರಡನೇ ಸಾಲು, ಕಂಬದ ಪಕ್ಕದ ಕುರ್ಚಿ. ನಾನು ಹುಟ್ಟುವ ಮೊದಲಿನಿಂದ ಪ್ರತಿ ಶನಿವಾರ ಬಂದು ಕೂರುತ್ತಾಳೆ. ನಮ್ಮ ಎಡಗಡೆಯ ಆಟಗಾರರನ್ನು ಮಾತ್ರ ಬೈಯುತ್ತಾಳೆ. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ."

ಬೆಲ್ಲಾ ಅವರ ಮನೆಗೆ ಮೊರಾಗ್ ಹೋಗಿ ಕೇಳಿದಳು. ತೊಂಬತ್ತಾರರ ಬೆಲ್ಲಾ ಅಜ್ಜಿ ಮೊದಲು ಚಹಾ ಕುಡಿದು ಮುಗಿಸಿದರು. ಆಮೇಲೆ ಹೇಳಿದ್ದು ಇಷ್ಟು: ಚರ್ಚಿನಲ್ಲಿ ನಿಲ್ಲಿಸಿದ ದಿನ ತಾಯಿ ಅತ್ತಳು. ಇನ್ನು ಇದರ ಮಾತೆತ್ತುವುದಿಲ್ಲ ಎಂದು ಹದಿನೈದರ ಹುಡುಗಿ ಆಣೆ ಮಾಡಿದಳು. ಎತ್ತಲಿಲ್ಲ. ಗಂಡನಿಗೂ ಹೇಳಲಿಲ್ಲ, ಮಕ್ಕಳಿಗೂ ಇಲ್ಲ. "ಮೈದಾನ ಉಳಿಸಲು ಬೇಕಾದರೆ ವಿಚಾರಣೆಗೆ ಬರುತ್ತೇನೆ. ಸುಮ್ಮನೆ ಕಥೆ ಕೇಳುವ ಚಪಲಕ್ಕಾದರೆ ಆ ಕ್ಯಾಲಿಫೋರ್ನಿಯಾದವನಿಗೆ ತನ್ನ ಕೆಲಸ ನೋಡಿಕೊಳ್ಳಲು ಹೇಳು."

ಸಿದ್ಧಾರೂಢ ಇದನ್ನು ಕೇಳಿ ಗರಾಜಿಗೆ ಹೋಗಿ ಕೂತ. ಬಾಗಿಲು ಹಾಕಿಕೊಂಡ. ನೂರಾ ಎಂಬತ್ತು ಪುಟದ ಚರಿತ್ರೆ ಬರೆದಿದ್ದ ಆತ. ಪ್ರತಿ ಶನಿವಾರ ಬೇಲಿಯ ಕ್ಯಾಮೆರಾದ ಮೂಲೆಯಲ್ಲಿ ಆ ಅಜ್ಜಿಯ ಹಸಿರು ಟೋಪಿ ಕಂಡಿದ್ದ. ಚರಿತ್ರೆ ಕಂಬದ ಪಕ್ಕದಲ್ಲೇ ಕೂತು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿತ್ತು.

ವಿಚಾರಣೆ ಶುಕ್ರವಾರ, ಅಲ್ಲಿ ಮಧ್ಯಾಹ್ನ ಎರಡು, ಇಲ್ಲಿ ಬೆಳಗ್ಗೆ ಆರು. ಊರಿನ ಸಭಾಂಗಣ ಕಿಕ್ಕಿರಿದಿತ್ತು. ಸಿದ್ಧಾರೂಢ ಅಲ್ಲಿನ ದೊಡ್ಡ ಪರದೆಯ ಮೇಲೆ ಮೂಡಿದ. ವಿಜಯಶ್ರೀ ಆತನ ಹಣೆಗೆ ವಿಭೂತಿ ಹಚ್ಚಿ, ಲೋಟ ನೀರಿಟ್ಟು, ಶೀತಲ್ ಜೊತೆ ಪಕ್ಕದಲ್ಲೇ ಕೂತಳು.

ವಾರಸುದಾರರ ವಕೀಲ ತೆಳ್ಳನೆಯ ಮನುಷ್ಯ, ದನಿ ಇನ್ನೂ ತೆಳ್ಳಗೆ. "ಶ್ರೀ ಮೂಲಿಮನಿ, ನೀವು ಇನ್ವರ್‌ಡ್ರಮ್‌ಗೆ ಎಂದಾದರೂ ಬಂದಿದ್ದೀರಾ?"

"ಇಲ್ಲ."

"ಫುಟ್‌ಬಾಲ್ ಆಡಿದ್ದೀರಾ?"

"ಒಮ್ಮೆ. ಅದು ನನ್ನನ್ನು ಆಡಿತು."

ಸಭೆ ನಕ್ಕಿತು. ವಕೀಲ ನಗಲಿಲ್ಲ. "1943ರಲ್ಲಿ ಆಟ ನಡೆದದ್ದಕ್ಕೆ ಆಧಾರವಿಲ್ಲ ಎಂದು ಬರೆದವರು ನೀವೇ ಅಲ್ಲವೇ?"

"ನಾನೇ," ಎಂದ ಸಿದ್ಧಾರೂಢ. ಒಂದು ಗುಟುಕು ನೀರು ಕುಡಿದ. "ಸಿಕ್ಕಿಲ್ಲ ಎಂದು ಬರೆದೆ, ಅಂದು ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ನನಗೆ ಅನುಕೂಲವಿಲ್ಲದಾಗಲೂ ಇದ್ದದ್ದನ್ನೇ ಬರೆದವನು ನಾನು. ಹಾಗಾಗಿ ಇಂದು ಹೇಳುವುದನ್ನೂ ನಂಬಬಹುದು."

ವಕೀಲ ಪಾದ್ರಿಯ ಪುಟವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ವಾದಿಸಿದ: ಆ ಕಾಲದಲ್ಲಿ ಹೆಂಗಸರ ಆಟವನ್ನು ಆಟದ ಅಧಿಕಾರಿಗಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಚಡ್ಡಿ ತೊಟ್ಟ ಹುಡುಗಿಯರ ಓಡಾಟವನ್ನು ಫುಟ್‌ಬಾಲ್ ಎನ್ನಲಾಗದು. ನಾಲ್ಕು–ಮೂರು ಎಂದು ಒಬ್ಬ ಪಾದ್ರಿ ಬರೆದ ಮಾತ್ರಕ್ಕೆ...

"ಐದು–ಮೂರು."

ಮೊದಲ ಸಾಲಿನಿಂದ ಬಂದ ದನಿ ಅದು. ಬೆಲ್ಲಾ ಅಜ್ಜಿ ಕೋಲೂರಿ ಎದ್ದು ನಿಂತಿದ್ದರು.

"ಅಮ್ಮಾ, ದಾಖಲೆಯಲ್ಲಿ ನಾಲ್ಕು ಎಂದಿದೆ," ಎಂದ ವಕೀಲ.

"ನಾಲ್ಕಾದಾಗ ಚೆಂಡು ಹೋಗಿ ರೆವರೆಂಡರ ಹ್ಯಾಟು ಉರುಳಿಸಿತು. ಅವರು ಎದ್ದು ಹೋದರು. ಐದನೆಯದು ಆಮೇಲೆ." ಅಜ್ಜಿ ಕೋಲನ್ನು ಎಡಕ್ಕೆ ಚಾಚಿದರು, ಅಲ್ಲಿ ಸಭಾಂಗಣದ ಗೋಡೆಯಿರದೆ ಹುಲ್ಲಿರುವಂತೆ. "ಆ ಅಂಚಿನಿಂದ ಓಡಿದೆ. ಬಲೆ ಕಾರ್ಖಾನೆಯ ಇಬ್ಬರನ್ನು ದಾಟಿದೆ. ನನ್ನ ಅಣ್ಣನ ಬೂಟು, ಎರಡು ಅಳತೆ ದೊಡ್ಡದು, ಮೂತಿಗೆ ಪತ್ರಿಕೆ ತುರುಕಿದ್ದೆ. ಎಡಗಾಲಲ್ಲಿ ಒದ್ದೆ. ಕಂಬದ ಒಳಮೈಗೆ ತಾಗಿ ಒಳಗೆ ಹೋಯಿತು. ಅಣ್ಣ ಅದೇ ತಿಂಗಳು ಸಮುದ್ರದಲ್ಲಿ ತೀರಿಹೋದ. ಅವನಿಗೆ ಕಾಗದ ಬರೆದಿದ್ದೆ, ತಲುಪಿತೋ ಇಲ್ಲವೋ. ಅದು ಫುಟ್‌ಬಾಲ್ ಅಲ್ಲ ಎನ್ನುವುದಾದರೆ, ಮಗನೇ, ನೀನು ಶನಿವಾರ ನಮ್ಮ ಗಂಡಸರು ಆಡುವುದನ್ನು ಬಂದು ನೋಡು."

ಸ್ಯಾನ್ ಹೊಸೆಯಲ್ಲಿ ಶೀತಲ್ ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ನ್ಯಾಯಾಧೀಶೆ ಕನ್ನಡಕ ಒರೆಸಿ ಜಮೀನುದಾರನ ಪತ್ರವನ್ನು ಇನ್ನೊಮ್ಮೆ ಓದಿದರು. "ಇಲ್ಲಿ ಫುಟ್‌ಬಾಲ್ ಆಡತಕ್ಕದ್ದು ಎಂದಿದೆ. ಗಂಡಸರು ಆಡತಕ್ಕದ್ದು ಎಂದಿಲ್ಲ. ಚೆನ್ನಾಗಿ ಆಡತಕ್ಕದ್ದು ಎಂದೂ ಇಲ್ಲ. ಇದ್ದಿದ್ದರೆ ಈ ಕ್ಲಬ್ಬು 1891ರಲ್ಲೇ ನೆಲ ಕಳೆದುಕೊಳ್ಳುತ್ತಿತ್ತು. ಷರತ್ತು ಮುರಿದಿಲ್ಲ. ಮೈದಾನ ಕ್ಲಬ್ಬಿನದು."

ಆಮೇಲೆ ಪರದೆಯ ಮೇಲೆ ಏನಾಯಿತೆಂದು ಸಿದ್ಧಾರೂಢನಿಗೆ ಕಾಣಲಿಲ್ಲ. ಯಾರೋ ಕುಣಿಯುತ್ತ ಕ್ಯಾಮೆರಾ ಕೆಡವಿದ್ದರು. ಆತನಿಗೆ ಕಂಡದ್ದು ಸಭಾಂಗಣದ ಸೂರು ಮಾತ್ರ. ಆತ ಆ ಸೂರನ್ನೇ ಇಪ್ಪತ್ತು ನಿಮಿಷ ಕಣ್ತುಂಬ ನೋಡಿದ.

"ಅಳಾಕತ್ತೀರೇನು?" ಎಂದಳು ವಿಜಯಶ್ರೀ.

"ವಿಭೂತಿ ಕಣ್ಣಾಗ ಬಿದ್ದೈತಿ."

"ನನಗೂ ಬಿದ್ದೈತಿ ಹಂಗಾರ," ಎಂದಳು ಹಣೆಗೆ ಏನೂ ಹಚ್ಚಿಕೊಳ್ಳದ ವಿಜಯಶ್ರೀ, ಸೆರಗಿನಿಂದ ಮೂಗು ಒರೆಸುತ್ತ.

ಮರುದಿನ ಶನಿವಾರ. ಬೆಳಗ್ಗೆ ಏಳಕ್ಕೆ ಮೂವರೂ ಟೀವಿಯ ಮುಂದೆ ಇದ್ದರು. ಅಷ್ಟು ಹೊತ್ತಿಗಾಗಲೇ 1943ರ ಸಾಲು ತಿದ್ದಿಯಾಗಿತ್ತು. ದಿನಾಂಕ, ಇಪ್ಪತ್ತೆರಡು ಹೆಸರು, ಐದು–ಮೂರು. ಇನ್ವರ್‌ಡ್ರಮ್ ಮೈದಾನದಲ್ಲಿ ನೂರಾ ಅರವತ್ತರ ಬದಲು ಒಂಬೈನೂರು ಜನ ನಿಂತಿದ್ದರು. ಆಟಕ್ಕೆ ಮೊದಲ ಒದೆ ಕೊಡಲು ಬೆಲ್ಲಾ ಅಜ್ಜಿಯನ್ನು ಮೊರಾಗ್ ಕೈಹಿಡಿದು ಮೈದಾನದ ನಡುವಿಗೆ ಕರೆತಂದಳು. ಎರಡೂ ತಂಡದ ಗಂಡಸರು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತರು.

ಅಜ್ಜಿ ಕೋಲನ್ನು ಮೊರಾಗ್‌ಗೆ ಕೊಟ್ಟರು. ಚೆಂಡನ್ನು ಎಡಗಾಲಿನಿಂದ ಮೆಲ್ಲಗೆ ತಳ್ಳಿ ರೋವರ್ಸ್ ನಾಯಕನಿಗೆ ಕೊಟ್ಟರು. ಚಪ್ಪಾಳೆ ಮುಗಿಲಿಗೇರಿತು. ಇನ್ನು ಹೊರಗೆ ಬರುತ್ತಾರೆಂದು ಮೊರಾಗ್ ಕೈ ಚಾಚಿದಳು.

ಅವರು ಬರಲಿಲ್ಲ. ಹಸಿರು ಟೋಪಿ ಸರಿಮಾಡಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಮೈದಾನದ ಎಡ ಅಂಚಿಗೆ ಹೋಗಿ ನಿಂತರು. ನಾಯಕನ ಕಡೆ ನೋಡಿದರು. ಕೈಯೆತ್ತಿ ಚೆಂಡು ಕೇಳಿದರು.

ಆಟ ನಿಲ್ಲಿಸಬೇಕಿದ್ದ ರೆಫರಿ ಬಾಯಿಯಿಂದ ಸೀಟಿ ತೆಗೆದ. ಒಂಬೈನೂರು ಜನ ಕಾದರು.

"ಪಾಸ್ ಇಟ್!" ಎಂದು ಶೀತಲ್ ಟೀವಿಗೆ ಕೂಗಿದಳು. ಆಗ ಸಿದ್ಧಾರೂಢ ಮೂಲಿಮನಿ ಸೋಫಾದಿಂದ ಎದ್ದು ನಿಂತ, ಅವನ ಹಿಂದೆ ವಿಜಯಶ್ರೀಯೂ ಎದ್ದಳು.